ಮನವಿ ದಾಖಲಾಗಿದೆ, ಆದರೂ ಹೊಲದ ಕಬ್ಜಾ ವಾರಂಟ್ ಬರಬಹುದೇ?

ಹಡಪ್ಸರ್‌ವಾಸಿ

ಎಲ್ಲರಿಗೂ ನಮಸ್ಕಾರ. ಪುಣೆಯ ಕೋರ್ಟ್ ವ್ಯವಹಾರ ಬಲ್ಲವರು ಇಲ್ಲಿ ಇದ್ದೀರೆಂದು ಕೇಳುತ್ತಿದ್ದೇನೆ.

ನಮ್ಮ ಮಾವನವರ ಹೊಲ ಹವೇಲಿ ತಾಲೂಕಿನ ಉರುಳಿ ಕಾಂಚನ್ ಕಡೆ ಇದೆ. ಪಕ್ಕದ ಗಟ್ ನಂಬರಿನವರು (ಗಟ್ ನಂಬರು ಎಂದರೆ ಇಲ್ಲಿನ ಸರ್ವೆ ನಂಬರು) ಬಾಂದಿನ, ಅಂದರೆ ಹೊಲದ ಗಡಿಯ, ದಾವೆ ಹಾಕಿದ್ದರು. ಭೂಮಿ ಅಭಿಲೇಖ ಕಚೇರಿಯ ಮೋಜಣಿ (ಭೂ ಅಳತೆ) ನಕಾಶೆ ಆಧರಿಸಿ, 14 ಗುಂಟೆ ಒತ್ತುವರಿಯಾಗಿದೆ, ಕಬ್ಜಾ ಬಿಟ್ಟುಕೊಡಬೇಕು, ಪಂಪ್‌ಮನೆ ತೆರವು ಮಾಡಬೇಕು ಎಂದು ಜನವರಿ 6ಕ್ಕೆ ತೀರ್ಪು ಬಂತು. ಆ 14 ಗುಂಟೆಯಲ್ಲಿ ನಮ್ಮ ಬಾವಿಯೂ ಇದೆ, ಆರು ತಿಂಗಳ ಅಡಸಾಲಿ ಕಬ್ಬೂ ನಿಂತಿದೆ. ಫೆಬ್ರವರಿ 2ಕ್ಕೆ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ಮನವಿ ದಾಖಲಾಗಿದೆ. ಎದುರುದಾರರಿಗೆ ನೋಟಿಸ್ ಹೊರಟಿದೆ, ಮುಂದಿನ ತಾರೀಖು ಮಾರ್ಚ್ 18.

ನನ್ನ ಪ್ರಶ್ನೆಗಳು: ಮನವಿ ನಡೆದಿರುವಾಗ ಬೇಲಿಫ್ (ಕೋರ್ಟಿನ ಅಮೀನ) ಬಂದು ಕಬ್ಜಾ ತೆಗೆದುಕೊಳ್ಳಲು ಸಾಧ್ಯವೇ? ತಡೆಯಾಜ್ಞೆಗೆ ಎಷ್ಟು ಹಣ ಕಟ್ಟಬೇಕಾಗುತ್ತದೆ? ಎದುರುದಾರರು ತಲಾಠಿ (ಗ್ರಾಮಲೆಕ್ಕಿಗ) ಕಚೇರಿಗೂ ತೀರ್ಪಿನ ನಕಲು ಕೊಟ್ಟಿದ್ದಾರಂತೆ, ಅಲ್ಲಿ ಏನು ಮಾಡಬೇಕು?

---

ಶಿವಾಜಿನಗರ ಕಟ್ಟೆ

ಸಾಧ್ಯ ಇದೆ. ಮನವಿ ದಾಖಲಾದ ಮಾತ್ರಕ್ಕೆ ಡಿಕ್ರಿಯ ಅಮಲು ನಿಲ್ಲುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 5 ಇದನ್ನು ಬಿಚ್ಚಿಯೇ ಹೇಳಿದೆ. ತಡೆ ಬೇಕೆಂದರೆ ಬೇರೆ ಅರ್ಜಿ ಕೊಟ್ಟು, ಆದೇಶ ಪಡೆದು, ಅದನ್ನು ಕೆಳಗಿನ ಕೋರ್ಟಿಗೆ ಮುಟ್ಟಿಸಬೇಕು. ಇನ್ನೊಂದು ಮಾತು: ಡಿಕ್ರಿಯಾಗಿ ಎರಡು ವರ್ಷದೊಳಗೆ ದರಖಾಸ್ತು, ಅಂದರೆ ಡಿಕ್ರಿ ಅಮಲಿನ ಅರ್ಜಿ, ಹಾಕಿದರೆ ಆದೇಶ 21, ನಿಯಮ 22ರ ನೋಟಿಸ್ ನಿಮಗೆ ಕೊಡಲೇಬೇಕೆಂದಿಲ್ಲ. ಅನೇಕ ನ್ಯಾಯಾಧೀಶರು ಕೊಡುತ್ತಾರೆ, ಆದರೆ ಅದನ್ನು ನಂಬಿ ಕೂರಬೇಡಿ. ನೇರ ಕಬ್ಜಾ ವಾರಂಟೇ ಹೊರಡಬಹುದು.

ಇವತ್ತೇ ಮಾಡಬೇಕಾದ ಕೆಲಸ: ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಮನವಿಯ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ, ತಡೆಯ ಅರ್ಜಿ ದಾಖಲಾಗಿದೆಯೇ, ಅದರ ಮೇಲೆ ಏನು ಆದೇಶವಾಗಿದೆ ನೋಡಿ. ನಮ್ಮಲ್ಲಿ ಅದು ಸಾಮಾನ್ಯವಾಗಿ ನಿಶಾಣಿ 5, ಅಂದರೆ ಕಡತದ 5ನೇ ಗುರುತಿನ ಕಾಗದ. ಬರೀ ಮನವಿಯ ಮೇಲೆ ನೋಟಿಸ್ ಆಗಿ, ನಿಶಾಣಿ 5ರ ಮೇಲೆ ಒಂದು ಸಾಲೂ ಇಲ್ಲದಿದ್ದರೆ ನಿಮಗೆ ಈಗ ಯಾವ ರಕ್ಷಣೆಯೂ ಇಲ್ಲ. ಅದೇ ಆ್ಯಪ್‌ನಲ್ಲಿ ಮಾವನವರ ಹೆಸರು ಹಾಕಿ ಅವರ ವಿರುದ್ಧ ದರಖಾಸ್ತು ದಾಖಲಾಗಿದೆಯೇ ಎಂದೂ ಹುಡುಕಿ. ಹೆಸರಿನ ಕಾಗುಣಿತ ಮರಾಠಿ ಕಾಗದಗಳಲ್ಲಿ ಒಂದು, ಇಂಗ್ಲಿಷಿನಲ್ಲಿ ಇನ್ನೊಂದು ಇರುತ್ತದೆ. ಎರಡು ಮೂರು ರೀತಿಯಲ್ಲಿ ಹುಡುಕಿ.

ದರಖಾಸ್ತು ಕಂಡರೆ ಮಾರ್ಚ್ 18ರವರೆಗೆ ಕಾಯಬಾರದು. ತುರ್ತು ಕಾರಣ ಬರೆದು, ಪ್ರಕರಣವನ್ನು ಅಂದೇ ಬೋರ್ಡಿಗೆ (ಆ ದಿನದ ವಿಚಾರಣಾ ಪಟ್ಟಿಗೆ) ತೆಗೆದುಕೊಳ್ಳಿ ಎಂಬ ಅರ್ಜಿ ಕೊಡಿ. ನಿಯಮ 5ರ ಉಪನಿಯಮ 4ರಂತೆ ಎದುರುದಾರರ ಮಾತು ಕೇಳುವ ಮುನ್ನವೂ ತಾತ್ಕಾಲಿಕ ತಡೆ ಕೊಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಅವರು ಕಲಂ 148ಎ ಅಡಿ ಕೇವಿಯೆಟ್ (ನಮ್ಮನ್ನು ಕೇಳದೆ ಆದೇಶ ಬೇಡ ಎಂಬ ಮುನ್ನೆಚ್ಚರಿಕೆ ಅರ್ಜಿ) ಹಾಕಿದ್ದರೆ ಮಾತ್ರ ಮೊದಲು ಅವರಿಗೆ ತಿಳಿಸಬೇಕು. ಕೇವಿಯೆಟ್ 90 ದಿನ ಜೀವಂತ ಇರುತ್ತದೆ.

ಈಗ ಅರ್ಜಿಯ ಒಳಗಿನ ಮಾತು. ಉಪನಿಯಮ 3 ಮೂರು ವಿಷಯ ಕೇಳುತ್ತದೆ: ತಡೆ ಕೊಡದಿದ್ದರೆ ಗಣನೀಯ ನಷ್ಟವಾಗುತ್ತದೆಯೇ, ಅರ್ಜಿ ತಡವಿಲ್ಲದೆ ಬಂದಿದೆಯೇ, ಡಿಕ್ರಿ ಪಾಲಿಸಲು ಭದ್ರತೆ ಕೊಟ್ಟಿದ್ದೀರಾ. ಹೆಚ್ಚಿನ ಅರ್ಜಿಗಳು ಮೊದಲನೆಯದರಲ್ಲೇ ಸೋಲುತ್ತವೆ. 'ಅರ್ಜಿದಾರರಿಗೆ ಭರಿಸಲಾರದ ಹಾನಿಯಾಗುತ್ತದೆ' ಎಂದು ಒಂದು ಸಾಲು ಬರೆದು ಬಿಡುತ್ತಾರೆ. ಕಬ್ಜಾ ಹೋಗುವುದು ಡಿಕ್ರಿಯ ಸಹಜ ಫಲ, ಅದನ್ನೇ ನಷ್ಟವೆಂದರೆ ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ. ಆಮೇಲೆ ಮನವಿ ಗೆದ್ದರೂ ಯಾವುದು ವಾಪಸ್ ಬರಲಾರದು, ಅದನ್ನು ಬರೆಯಬೇಕು.

ನಿಮ್ಮ ಪ್ರಕರಣದಲ್ಲಿ ಅದು ಸ್ಪಷ್ಟವಾಗಿದೆ. ಒಂದು, ಬಾವಿ. ಅದರಿಂದ ಉಳಿದ ಎಷ್ಟು ಎಕರೆಗೆ ನೀರು ಹೋಗುತ್ತದೆ, ಬೇರೆ ನೀರಿನ ಮೂಲ ಇದೆಯೇ, ವಿದ್ಯುತ್ ಮೀಟರ್ ಯಾರ ಹೆಸರಲ್ಲಿದೆ ಎಂದು ಬರೆದು ಬಿಲ್ಲು ಲಗತ್ತಿಸಿ. ಎರಡು, ಪಂಪ್‌ಮನೆ. ಕೆಡವಿದ ಮೇಲೆ ತಡೆ ಸಿಕ್ಕರೂ ಪ್ರಯೋಜನವಿಲ್ಲ. ಮೂರು, ಅಡಸಾಲಿ ಕಬ್ಬು. ಅದು 16ರಿಂದ 18 ತಿಂಗಳ ಬೆಳೆ. ಆರು ತಿಂಗಳಿಗೆ ಕಡಿದರೆ ಕಾರ್ಖಾನೆ ತೆಗೆದುಕೊಳ್ಳುವುದಿಲ್ಲ, ಮೇವಿಗಷ್ಟೇ. ಇ-ಪೀಕ್ ಪಾಹಣಿಯಲ್ಲಿ (ಆನ್‌ಲೈನ್ ಬೆಳೆ ಸಮೀಕ್ಷೆಯಲ್ಲಿ) ಕಬ್ಬು ದಾಖಲಾಗಿರುವ ಸಾತ್‌ಬಾರಾ ಉತಾರ (ಇಲ್ಲಿನ ಪಹಣಿ), ಕಾರ್ಖಾನೆಗೆ ಕಬ್ಬು ನೋಂದಾಯಿಸಿದ ಚೀಟಿ, ಸೊಸೈಟಿ ಸಾಲದ ಕಾಗದ ಇವನ್ನು ಹಾಕಿ. ಫೋಟೋಗಳಲ್ಲಿ ಬಾಂದು, ಬಾವಿ, ಪಂಪ್‌ಮನೆ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಒಂದು ಚಿತ್ರ ಇರಲಿ. ನ್ಯಾಯಾಧೀಶರು ನಕಾಶೆಗಿಂತ ಮೊದಲು ಅದನ್ನೇ ನೋಡುತ್ತಾರೆ.

ಮನವಿಯಲ್ಲಿ ಹುರುಳಿದೆ ಎಂದೂ ಎರಡು ಪ್ಯಾರಾದಲ್ಲಿ ತೋರಿಸಬೇಕು. ಬಾಂದಿನ ದಾವೆಗಳಲ್ಲಿ ಗಟ್ಟಿ ಅಂಶ ಮೋಜಣಿಯೇ. ಅಳತೆಗೆ ಮೊದಲು ನಿಮಗೆ ನೋಟಿಸ್ ಬಂದಿತ್ತೇ, ಅಳತೆಗಾರರು ಊರಿನ ಕಾಯಂ ಗುರುತುಗಳಿಂದ ಅಳತೆ ಎತ್ತಿದರೇ ಅಥವಾ ಎದುರುದಾರರು ತೋರಿಸಿದ ಕಲ್ಲಿನಿಂದಲೇ ಶುರು ಮಾಡಿದರೇ, ಎರಡೂ ಗಟ್ ನಂಬರು ಅಳೆದರೇ ಅಥವಾ ಅವರದ್ದಷ್ಟೇ ಅಳೆದರೇ, ನಕಾಶೆ ಮಾಡಿದವರ ಸಾಕ್ಷ್ಯ ಆಗಿದೆಯೇ. ಇದರಲ್ಲಿ ಒಂದು ಲೋಪ ದಾಖಲೆಯಲ್ಲೇ ಕಂಡರೂ ತಡೆಯ ಅರ್ಜಿಗೆ ಜೀವ ಬರುತ್ತದೆ.

ಹಣದ ವಿಷಯ. ಆದೇಶ 41ರ ನಿಯಮ 1ರ ಉಪನಿಯಮ 3ರಲ್ಲಿ ಬರುವ ಠೇವಣಿ ಹಣದ ಡಿಕ್ರಿಗೆ ಸಂಬಂಧಿಸಿದ್ದು. ಕಬ್ಜಾ ಡಿಕ್ರಿಗೆ ನಿಗದಿತ ಮೊತ್ತ ಅಂತ ಇಲ್ಲ. ಷರತ್ತು ಏನಿರಬೇಕು ಎಂದು ನ್ಯಾಯಾಲಯ ಯೋಚಿಸುವ ಮುನ್ನ ನೀವೇ ಅರ್ಜಿಯಲ್ಲಿ ಹೇಳಿಬಿಡಿ. ಅಕ್ಕಪಕ್ಕದಲ್ಲಿ ಎಕರೆಗೆ ವರ್ಷಕ್ಕೆ 40,000 ರೂಪಾಯಿ ಗುತ್ತಿಗೆ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಎಕರೆಗೆ 40 ಗುಂಟೆ, ಹಾಗಾಗಿ 14 ಗುಂಟೆಗೆ ವರ್ಷಕ್ಕೆ 14,000. ಅಷ್ಟನ್ನು ಪ್ರತಿ ವರ್ಷ ಇಂಥ ತಿಂಗಳೊಳಗೆ ಕಟ್ಟುತ್ತೇವೆ, ಹೊಲವನ್ನು ಮಾರುವುದಿಲ್ಲ, ಒತ್ತೆ ಇಡುವುದಿಲ್ಲ, ಹೊಸ ಕಟ್ಟಡ ಕಟ್ಟುವುದಿಲ್ಲ, ಬಾಂದು ಮುಟ್ಟುವುದಿಲ್ಲ ಎಂದು ಮುಚ್ಚಳಿಕೆ ಕೊಡಿ. ಇದು ಪ್ರಾಮಾಣಿಕ ಮಾತು, ನ್ಯಾಯಾಲಯಕ್ಕೂ ಹಾಗೇ ಕಾಣುತ್ತದೆ. ಆದರೆ ಕಟ್ಟಲಾಗದ ಮೊತ್ತ ಒಪ್ಪಿಕೊಳ್ಳಬೇಡಿ. ಒಂದು ಕಂತು ತಪ್ಪಿದರೂ ತಡೆ ತೆರವಿಗೆ ಅವರ ಅರ್ಜಿ ಬರುತ್ತದೆ.

ಕೊನೆಗೆ, ಬೇಡಿಕೆಯ ಪದಗಳು. 'ಯಥಾಸ್ಥಿತಿ ಕಾಪಾಡಿ' ಎಂಬ ಎರಡು ಪದದ ಆದೇಶ ಅಪಾಯ. ಮಾರನೇ ದಿನ ಎರಡೂ ಕಡೆಯವರು ಕಬ್ಜಾ ನಮ್ಮದೇ ಅನ್ನುತ್ತಾರೆ, ಪೊಲೀಸರು ಕೈ ಎತ್ತುತ್ತಾರೆ. ಇಂಥ ದಾವೆಯ ಇಂಥ ತಾರೀಖಿನ ಡಿಕ್ರಿಯ ಅಮಲು, ಕಬ್ಜಾ ವಾರಂಟ್ ಮತ್ತು ತೆರವು ಸೇರಿ, ಮನವಿ ಇತ್ಯರ್ಥವಾಗುವವರೆಗೆ ತಡೆಹಿಡಿಯಲಾಗಿದೆ ಎಂದೇ ಕೇಳಿ.

---

ನಾಜರ್ ಶಾಖೆ

ಮೇಲಿನವರು ಹೇಳಿದ್ದು ಸರಿ. ತಡೆ ಸಿಕ್ಕ ಮೇಲೆ ಎಡವುವ ಜಾಗಗಳನ್ನು ನಾನು ಹೇಳುತ್ತೇನೆ.

ತಡೆಯಾಜ್ಞೆ ಜಾರಿಗೆ ಬರುವುದು ಕೆಳಗಿನ ಕೋರ್ಟಿಗೆ ತಲುಪಿದ ದಿನದಿಂದ. ನಿಯಮ 5(1)ರ ವಿವರಣೆಯಲ್ಲೇ ಇದೆ. ಬೆಳಿಗ್ಗೆ 11ಕ್ಕೆ ಮೇಲಿನ ಮಹಡಿಯಲ್ಲಿ ತಡೆಯಾಗಿ, ಮಧ್ಯಾಹ್ನ 2ಕ್ಕೆ ಹೊಲದಲ್ಲಿ ಕಬ್ಜಾ ಪಂಚನಾಮೆ ಮುಗಿದರೆ, ಆದೇಶ ಗೊತ್ತಿಲ್ಲದೆ ಮಾಡಿದ ಆ ಕಬ್ಜಾ ತನ್ನಷ್ಟಕ್ಕೆ ಅಸಿಂಧುವಾಗುವುದಿಲ್ಲ. ಮುಲ್‌ರಾಜ್ ವಿರುದ್ಧ ಮೂರ್ತಿ ರಘುನಾಥಜಿ ಮಹಾರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲೇ ಇದನ್ನು ಹೇಳಿದೆ. ಕಲಂ 151ರಡಿ ಹಿಂದಿನ ಸ್ಥಿತಿಗೆ ತರಲು ಕೇಳಬಹುದು, ಆದರೆ ಅದು ಇನ್ನೊಂದು ಹೋರಾಟ.

ಹಾಗಾಗಿ ಆದೇಶವಾದ ಕೂಡಲೇ ಮೂರು ಕೆಲಸ. ಮನವಿ ಕೋರ್ಟಿನಿಂದ ಕೆಳಗಿನ ಕೋರ್ಟಿಗೆ ಹೋಗುವ ಪತ್ರವನ್ನು ಹಮ್‌ದಸ್ತ್ ಕೇಳಿ, ಅಂದರೆ ನಿಮ್ಮ ಕೈಯಲ್ಲೇ ತೆಗೆದುಕೊಂಡು ಹೋಗಿ ಮುಟ್ಟಿಸಿ. ಅದು ಅಂದೇ ಸಿಗದಿದ್ದರೆ ಮಾವನವರ ಸ್ವಂತ ಪ್ರಮಾಣಪತ್ರ ಮಾಡಿಸಿ: ತಡೆಯಾದದ್ದು ನನಗೆ ಖುದ್ದು ಗೊತ್ತು, ಇಂಥ ಮನವಿ, ಇಂಥ ತಾರೀಖು, ಆದೇಶ ಇಷ್ಟು. ಅದೇ ವಿವರಣೆಯ ಪ್ರಕಾರ ಅಧಿಕೃತ ಆದೇಶ ಬರುವವರೆಗೆ ಕೆಳಗಿನ ಕೋರ್ಟ್ ಈ ಪ್ರಮಾಣಪತ್ರದ ಮೇಲೆಯೇ ನಡೆಯಬೇಕು. ಗಮನಿಸಿ, ಪ್ರಮಾಣಪತ್ರ ಮನವಿದಾರರದ್ದೇ ಇರಬೇಕು ಮತ್ತು ಅವರಿಗೆ ವಿಷಯ ಖುದ್ದು ಗೊತ್ತಿರಬೇಕು. ಆದ್ದರಿಂದ ಆ ದಿನ ಅವರು ಕೋರ್ಟಿನಲ್ಲಿ ಹಾಜರಿರುವುದು ಒಳ್ಳೆಯದು. ಮೂರನೆಯದು, ದರಖಾಸ್ತಿನ ಕಡತದಲ್ಲಿ ಪುರ್ಸಿಸ್ (ಲಿಖಿತ ಹೇಳಿಕೆ) ಕೊಟ್ಟು, ವಾರಂಟ್ ಹೊರಟಿದ್ದರೆ ವಾಪಸ್ ಕರೆಸುವ ಆದೇಶ ಕೇಳಿ. ಆ ಆದೇಶ ಬೇಲಿಫರನ್ನು ಕಳಿಸುವ ನಾಜರ್ ಶಾಖೆಗೆ ಮುಟ್ಟಿತೇ ಎಂದು ಕೆಳಗಿಳಿದು ಹೋಗಿ ನೋಡಿ. ನ್ಯಾಯಾಧೀಶರ ಮೇಜಿನಿಂದ ಶಾಖೆಗೆ ಕಾಗದ ಇಳಿಯುವಷ್ಟರಲ್ಲಿ ಬೇಲಿಫ್ ಗಾಡಿ ಹತ್ತಿರುತ್ತಾನೆ.

ಬೇಲಿಫ್ ಹೊಲಕ್ಕೆ ಬಂದೇಬಿಟ್ಟರೆ ಅಡ್ಡ ನಿಲ್ಲಬೇಡಿ, ಹೆಂಗಸರನ್ನು ಮುಂದೆ ಮಾಡಬೇಡಿ. ಆದೇಶದ ನಕಲು ಕೊಟ್ಟು, ಅವನ ವರದಿಯಲ್ಲಿ ಅದನ್ನು ನಮೂದಿಸಲು ಹೇಳಿ, ಪಂಚನಾಮೆಯಲ್ಲಿ ಕಬ್ಬು ಎಷ್ಟು ಎತ್ತರ, ಬಾವಿ, ಮೋಟಾರು, ಪೈಪು ಎಲ್ಲಾ ಬರೆಯಿಸಿ. ವಕೀಲರ ಫೋನ್ ಕರೆಯಿಂದ ಅವನು ನಿಲ್ಲಲಾರ, ಅವನ ಕೈಯಲ್ಲಿರುವುದು ಕೋರ್ಟಿನ ಹುಕುಂ. ತಡೆ ಇಲ್ಲದೆ ಅಡ್ಡಿ ಮಾಡಿದರೆ ಆದೇಶ 21, ನಿಯಮ 98ರಡಿ 30 ದಿನಗಳವರೆಗೆ ಸಿವಿಲ್ ಜೈಲಿಗೆ ಅವಕಾಶವಿದೆ. ಮೇಲಾಗಿ ಆ ವರದಿ ನಿಮ್ಮ ತಡೆಯ ಅರ್ಜಿಯನ್ನೂ ಹಾಳು ಮಾಡುತ್ತದೆ.

---

ಹಡಪ್ಸರ್‌ವಾಸಿ

ನೋಡಿದೆ ಸರ್. ದರಖಾಸ್ತು ಫೆಬ್ರವರಿ 9ಕ್ಕೆ ದಾಖಲಾಗಿದೆ. ನಿಶಾಣಿ 5ರ ಮುಂದೆ 'ಎದುರುದಾರರ ಹೇಳಿಕೆಗೆ' ಎಂದಷ್ಟೇ ಇದೆ, ತಡೆ ಇಲ್ಲ. ವಕೀಲರಿಗೆ ಫೋನ್ ಮಾಡಿ ಬೋರ್ಡಿಗೆ ತೆಗೆದುಕೊಳ್ಳುವ ಅರ್ಜಿ ಸೋಮವಾರ ಕೊಡಲು ಹೇಳಿದ್ದೇನೆ. ಕೆಳಗಿನ ಕೋರ್ಟಿನಲ್ಲೇ ತಡೆ ಕೇಳಬಹುದು ಎಂದು ಒಬ್ಬರು ಹೇಳಿದರು, ಅದು ಸರಿಯೇ?

---

ಶಿವಾಜಿನಗರ ಕಟ್ಟೆ

ನಿಮಗೆ ಈಗ ಆ ದಾರಿ ಇಲ್ಲ. ತೀರ್ಪು ಕೊಟ್ಟ ಕೋರ್ಟೇ ತಡೆ ಕೊಡುವುದು ನಿಯಮ 5(2)ರಡಿ, ಅದೂ ಮನವಿಯ ಅವಧಿ ಮುಗಿಯುವ ಮುನ್ನ ಕೇಳಿದರೆ. ತೀರ್ಪು ಓದಿದ ದಿನವೇ ಬಾಯಿಮಾತಿನ ಜೊತೆ ಒಂದು ಪುಟದ ಅರ್ಜಿ ಕೊಟ್ಟಿದ್ದರೆ ಕೆಲವು ವಾರ ಸಿಗುತ್ತಿತ್ತು. ಇದನ್ನು ಓದುವ ಬೇರೆಯವರು ನೆನಪಿಡಿ: ತೀರ್ಪಿನ ದಿನ ವಕೀಲರ ಕೈಯಲ್ಲಿ ಆ ಅರ್ಜಿ ಮತ್ತು ನಕಲು ಅರ್ಜಿ ಎರಡೂ ತಯಾರಿರಬೇಕು. ಜಿಲ್ಲಾ ನ್ಯಾಯಾಲಯಕ್ಕೆ ಮನವಿಯ ಅವಧಿ 30 ದಿನ, ಹೈಕೋರ್ಟಿಗೆ 90. ಅಧಿಕೃತ ನಕಲು ತಯಾರಾಗಲು ಹಿಡಿದ ದಿನಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಆದರೆ ನಕಲು ತಯಾರಾಗಿದ್ದರೂ ನೀವು ಹೋಗಿ ತಂದುಕೊಳ್ಳದ ದಿನಗಳು ಬಿಟ್ಟುಹೋಗುವುದಿಲ್ಲ. ನಕಲಿನ ಹಿಂಬದಿಯ ಮುದ್ರೆಯಲ್ಲಿ ಈ ತಾರೀಖುಗಳೆಲ್ಲ ಇರುತ್ತವೆ. ಅವಧಿ ಮೀರಿದರೆ ತಡ ಮನ್ನಾ ಅರ್ಜಿ ಬರುತ್ತದೆ, ನಿಯಮ 3ಎ ಅಡ್ಡ ಬರುತ್ತದೆ, ತಡೆ ದೂರ ಸರಿಯುತ್ತದೆ.

---

ಸಾತ್‌ಬಾರಾ

ತಲಾಠಿ ಕಚೇರಿ ಬಗ್ಗೆ. ಸಿವಿಲ್ ಕೋರ್ಟಿನ ತಡೆ ಮಹಸೂಲ್ (ಕಂದಾಯ) ಕಚೇರಿಗೆ ತಾನಾಗಿ ತಲುಪುವುದಿಲ್ಲ. ಎರಡೂ ಬೇರೆ ಬೇರೆ ಕಾಲುವೆ ಎಂದೇ ತಿಳಿಯಿರಿ.

ಫೇರ್‌ಫಾರ್ (ಖಾತೆ ಬದಲಾವಣೆಯ ನಮೂದು) ಇನ್ನೂ ಬರೆದಿಲ್ಲವೆಂದರೆ, ಮನವಿಯ ಮೊದಲ ಪುಟ, ಮನವಿ ಸಂಖ್ಯೆ, ತಡೆಯಾದರೆ ಅದರ ನಕಲು ಸೇರಿಸಿ ತಲಾಠಿ ಮತ್ತು ತಹಶೀಲ್ದಾರ್ ಇಬ್ಬರಿಗೂ ಲಿಖಿತ ಆಕ್ಷೇಪ ಕೊಟ್ಟು ಆವಕ್ (ಒಳಬಂದ ಕಾಗದದ) ನಂಬರಿನ ಜೊತೆ ಪೋಚ್ (ಸ್ವೀಕೃತಿ) ತೆಗೆದುಕೊಳ್ಳಿ. ಮರಾಠಿಯಲ್ಲೇ ಬರೆಯಿರಿ. ಫೇರ್‌ಫಾರ್ ಬರೆದಿದ್ದು ಮಂಜೂರಾಗಿಲ್ಲವೆಂದರೆ ನೋಟಿಸಿನ 15 ದಿನದೊಳಗೆ ಆಕ್ಷೇಪ ಹಾಕಿ. ಆಗ ಅದು ತಕರಾರು ಪ್ರಕರಣವಾಗುತ್ತದೆ, ತಲಾಠಿಗಿಂತ ಮೇಲಿನ ಮಂಡಲ ಅಧಿಕಾರಿ ಸುಮ್ಮನೆ ಮಂಜೂರು ಮಾಡುವಂತಿಲ್ಲ. ಮಂಜೂರಾಗಿಬಿಟ್ಟಿದ್ದರೆ ಮಹಾರಾಷ್ಟ್ರ ಭೂ ಮಹಸೂಲ್ ಸಂಹಿತೆ 1966ರ ಕಲಂ 247ರಡಿ ಪ್ರಾಂತಾಧಿಕಾರಿಗೆ (ಉಪವಿಭಾಗಾಧಿಕಾರಿಗೆ) 60 ದಿನದೊಳಗೆ ಅಪೀಲು. ಅಲ್ಲಿಯೂ ಕಲಂ 256ರಡಿ ತಡೆಗೆ ಬೇರೆಯೇ ಅರ್ಜಿ ಕೊಡಬೇಕು. ಅಪೀಲು ಹಾಕಿದೆವೆಂದು ಫೇರ್‌ಫಾರ್ ನಿಲ್ಲುವುದಿಲ್ಲ, ಅದೇ ಕಥೆ ಇಲ್ಲೂ.

ಇನ್ನೊಂದು, ಬಹಳ ಜನ ಬಿಟ್ಟುಬಿಡುವ ಕೆಲಸ. ದಾವೆ ನಡೆದಿರುವ ಜಮೀನು ಕೊಂಡವರಿಗೆ ತೀರ್ಪು ಅಂಟುತ್ತದೆ ಎಂಬ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 52ಕ್ಕೆ ಇಲ್ಲಿ 1939ರ ಮುಂಬಯಿ ತಿದ್ದುಪಡಿ ಇದೆ. ದಾವೆಯ ಸೂಚನೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಮಾತ್ರ ಅದರ ಬಲ ಸಿಗುತ್ತದೆ. ಕರ್ನಾಟಕದಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ಎದುರುದಾರರು ಆ 14 ಗುಂಟೆಯನ್ನು ಪ್ಲಾಟಿನವರಿಗೆ ಮಾರಿಬಿಡಬಹುದು ಎಂಬ ಭಯವಿದ್ದರೆ, ಗಟ್ ನಂಬರು, ಚತುಃಸೀಮೆ, ಮನವಿ ಸಂಖ್ಯೆ ಬರೆದು ಅದನ್ನು ಬೇಗ ನೋಂದಾಯಿಸಿ.

---

ಕ್ಯಾಂಪ್ ವಕೀಲ

ಎದುರು ಪಕ್ಷದ ಮೇಜಿನಿಂದ ಇದು ಹೇಗೆ ಕಾಣುತ್ತದೆ ಎಂದು ಹೇಳಿದರೆ ನಿಮಗೇ ಅನುಕೂಲ. ಡಿಕ್ರಿ ಗೆದ್ದವರಿಗೂ ನ್ಯಾಯವಿದೆ. ವರ್ಷಗಟ್ಟಲೆ ದಾವೆ ನಡೆಸಿದವರು ತಡೆಯ ಹೆಸರಲ್ಲಿ ಇನ್ನಷ್ಟು ವರ್ಷ ಕಾಯಬೇಕೆಂದರೆ ಅದಕ್ಕೆ ಬೆಲೆ ಕೇಳುವುದು ಸಹಜ. ಅವರ ವಕೀಲರು ಆತ್ಮಾರಾಮ್ ಪ್ರಾಪರ್ಟೀಸ್ ತೀರ್ಪು ಮುಂದಿಡುತ್ತಾರೆ, ಅದು 2005ರ ಮೊದಲ ಎಸ್‌ಸಿಸಿ (ಸುಪ್ರೀಂ ಕೋರ್ಟ್ ತೀರ್ಪುಗಳ ವರದಿ) ಸಂಪುಟದ 705ನೇ ಪುಟದಲ್ಲಿದೆ. ಡಿಕ್ರಿಯಾದ ದಿನದಿಂದ ಮಾರುಕಟ್ಟೆ ದರದಲ್ಲಿ ಉಪಭೋಗದ ಪರಿಹಾರ ಕಟ್ಟಿಸಬಹುದು ಎನ್ನುತ್ತದೆ. ಅದು ಬಾಡಿಗೆದಾರರ ಪ್ರಕರಣ, ಬಾಂದಿನ ಒತ್ತುವರಿಗೆ ಅದೇ ಅಳತೆ ಹಿಡಿಯಬಾರದು ಎಂದು ನಿಮ್ಮವರು ವಾದಿಸಬಹುದು. ಆದರೆ ಹತ್ತಿರದ ಎರಡು ಮೂರು ಗುತ್ತಿಗೆ ಕರಾರುಗಳನ್ನು ನೀವೇ ಮೊದಲು ಹಾಕಿದರೆ ಅವರ ದೊಡ್ಡ ಅಂಕಿ ನಿಲ್ಲುವುದಿಲ್ಲ.

ಅವರು ಬೇಡುವ ಇನ್ನೊಂದು ಷರತ್ತು: ಕಬ್ಬು ಕಡಿದ ಮೇಲೆ ಆ 14 ಗುಂಟೆಯ ಬಿಲ್ಲಿನ ಪಾಲು ಕೋರ್ಟಿಗೆ ಕಟ್ಟಲಿ ಎಂದು. ನನ್ನ ಅಭಿಪ್ರಾಯದಲ್ಲಿ ಇದನ್ನು ಒಪ್ಪುವುದೇ ಮೇಲು, ಖರ್ಚು ಕಳೆದು ಉಳಿದದ್ದಕ್ಕೆ ಮಾತ್ರ. ಒಪ್ಪಿದರೆ ಬೆಳೆ ಕಟಾವಿನವರೆಗೆ ಕಬ್ಜಾದ ಪ್ರಶ್ನೆಯೇ ಏಳುವುದಿಲ್ಲ.

ತಡೆ ಆರು ತಿಂಗಳಿಗೆ ತಾನಾಗಿ ಬಿದ್ದುಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಅದು 2018ರ ಏಷ್ಯನ್ ರಿಸರ್ಫೇಸಿಂಗ್ ತೀರ್ಪಿನ ಮಾತು. 2024ರ ಫೆಬ್ರವರಿ 29ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿದೆ. ಆದರೆ 'ಮುಂದಿನ ತಾರೀಖಿನವರೆಗೆ' ಎಂದು ಬರೆದ ತಾತ್ಕಾಲಿಕ ತಡೆ ಬೇರೆ. ಅದು ಆ ತಾರೀಖಿಗೆ ಮುಗಿಯುತ್ತದೆ. ಪ್ರತಿ ತಾರೀಖಿಗೆ ಮುಂದುವರಿಸುವ ಅರ್ಜಿ ಕೊಟ್ಟು, ಕೋರ್ಟಿನ ದಿನಚರಿಯಾದ ರೋಜ್‌ನಾಮೆಯಲ್ಲಿ 'ತಡೆ ಮುಂದುವರಿದಿದೆ' ಎಂಬ ಸಾಲು ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ. ನ್ಯಾಯಾಧೀಶರು ರಜೆಯಲ್ಲಿದ್ದ ದಿನ ಗುಮಾಸ್ತರು ಬರೀ ತಾರೀಖು ಕೊಟ್ಟು ಕಳಿಸುತ್ತಾರೆ. ದರಖಾಸ್ತಿನವರು ಅಂಥ ದಿನಕ್ಕೇ ಕಾಯುತ್ತಿರುತ್ತಾರೆ. ಅಂದು ಪ್ರಭಾರ ನ್ಯಾಯಾಧೀಶರ ಮುಂದೆ ಹೋಗಿ ಕೇಳಲೇಬೇಕು.

ಮನವಿ ಗೈರುಹಾಜರಿಗೆ ವಜಾ ಆದರೂ ತಡೆ ಅದರೊಡನೆ ಹೋಗುತ್ತದೆ. ಪುನಃ ದಾಖಲಿಸಲು 30 ದಿನ. ಅದರ ಜೊತೆಗೆ ತಡೆಯನ್ನೂ ಮತ್ತೆ ಜೀವಕ್ಕೆ ತರಲು ಬರೆದು ಕೇಳಿ. ಹಾಗೇ ಪಕ್ಷಕಾರರು ತೀರಿಕೊಂಡರೆ ವಾರಸುದಾರರನ್ನು 90 ದಿನದೊಳಗೆ ಸೇರಿಸಬೇಕು. ಹಳ್ಳಿಯ ಜಮೀನಿನ ಮನವಿಗಳಲ್ಲಿ ಎದುರುದಾರರ ಮನೆಯ ಹಿರಿಯರು ಹೋದದ್ದು ಗೊತ್ತಾಗದೆಯೇ ಮನವಿ ಬಿದ್ದುಹೋಗುವುದು ತೀರಾ ಸಾಮಾನ್ಯ.

---

ಮಡಗಾಂವ್ ಕನ್ನಡಿಗ

ಗೋವಾದಲ್ಲೂ ಸಿವಿಲ್ ಪ್ರಕ್ರಿಯಾ ಸಂಹಿತೆ ಇದೇ, ನಿಯಮ 5 ಇದೇ. ಸಾತ್‌ಬಾರಾ ಬದಲು ಫಾರ್ಮ್ 1 ಮತ್ತು 14, ತಹಶೀಲ್ದಾರರ ಬದಲು ಮಾಮಲೇದಾರರು. ಎರಡನೇ ಮನವಿ ಪರ್ವರಿಯ ಹೈಕೋರ್ಟ್ ಪೀಠಕ್ಕೆ ಹೋಗುತ್ತದೆ. ಒಂದು ಸಂದೇಹ: ದಾವೆ ಹಾಕಿದವರೇ ನಾವಾಗಿದ್ದು, ಕೆಳಗಿನ ಕೋರ್ಟ್ ದಾವೆ ವಜಾ ಮಾಡಿದರೆ ಆಗಲೂ ನಿಯಮ 5ರಲ್ಲೇ ಕೇಳುವುದೇ?

---

ಶಿವಾಜಿನಗರ ಕಟ್ಟೆ

ಇಲ್ಲ. ವಜಾ ಆದ ದಾವೆಯಲ್ಲಿ ಅಮಲು ಮಾಡುವಂಥದ್ದೇ ಏನೂ ಇರುವುದಿಲ್ಲ, ಹಾಗಾಗಿ ತಡೆಯಲು ಏನೂ ಇಲ್ಲ. ಅಲ್ಲಿ ಆದೇಶ 39ರಡಿ ಹೊಸದಾಗಿ ತಾತ್ಕಾಲಿಕ ನಿರ್ಬಂಧಕಾಜ್ಞೆ ಕೇಳಬೇಕು: ಕಬ್ಜಾಕ್ಕೆ ಅಡ್ಡಿ ಮಾಡಬೇಡಿ, ಪರಭಾರೆ ಮಾಡಬೇಡಿ ಎಂದು. ದಾವೆ ನಡೆಯುವಾಗ ಇದ್ದ ನಿರ್ಬಂಧ ತೀರ್ಪಿನೊಂದಿಗೆ ಮುಗಿಯುತ್ತದೆ. ತೀರ್ಪಿನ ದಿನವೇ, ಮನವಿ ಹಾಕುವವರೆಗೆ ಅದನ್ನು ಮುಂದುವರಿಸಿ ಎಂದು ಕೇಳಿ. ವಾಟ್ನಿ (ಪಾಲು ವಿಭಾಗದ) ದಾವೆಯಾದರೆ ಪ್ರಾಥಮಿಕ ಡಿಕ್ರಿಯ ನಂತರ ಅಂತಿಮ ಡಿಕ್ರಿಯ ನಡಾವಳಿ, ಕಲಂ 54ರಡಿ ಕಲೆಕ್ಟರರಿಗೆ ಹೋಗುವ ವಿಭಜನೆಯ ಕಾಗದ, ಇವುಗಳಿಗೆ ತಡೆ ಕೇಳಬೇಕು. ಅರ್ಜಿಯ ತಲೆಬರಹ ತಪ್ಪಿದರೆ ಒಂದು ತಾರೀಖು ಅದಕ್ಕೇ ಹೋಗುತ್ತದೆ.

---

ಹಡಪ್ಸರ್‌ವಾಸಿ

ಸೋಮವಾರ ಅರ್ಜಿ ಬೋರ್ಡಿಗೆ ಬಂತು. 14 ಗುಂಟೆಯ ವರ್ಷದ ಗುತ್ತಿಗೆ ಮೊತ್ತ 15 ದಿನದೊಳಗೆ ಕಟ್ಟುವ ಷರತ್ತಿನ ಮೇಲೆ ಮಾರ್ಚ್ 18ರವರೆಗೆ ತಡೆ ಆಗಿದೆ. ಮಾವನವರು ಹಾಜರಿದ್ದರು, ಪ್ರಮಾಣಪತ್ರ ಅಂದೇ ದರಖಾಸ್ತಿನ ಕಡತಕ್ಕೆ ಹೋಯಿತು. ತಲಾಠಿ ಕಚೇರಿಯ ಪೋಚ್ ನಾಳೆ ತೆಗೆದುಕೊಳ್ಳುತ್ತೇವೆ.

---

ನಾಜರ್ ಶಾಖೆ

ಹಣ ಕಟ್ಟಿದ ಚಲನ್ನಿನ ನಕಲು ಮನವಿಯ ಕಡತದಲ್ಲೂ ದರಖಾಸ್ತಿನ ಕಡತದಲ್ಲೂ ಹಾಕಿಸಿ. 15ನೇ ದಿನ ಭಾನುವಾರವೋ ರಜೆಯೋ ಬರುತ್ತದೆಯೇ ಎಂದು ಈಗಲೇ ನೋಡಿ, ಅದಕ್ಕೆ ಎರಡು ದಿನ ಮೊದಲೇ ಕಟ್ಟಿಬಿಡಿ.